ಬೆಂಕಿಗೆ ಕಾಸಿದ ಗಿಟಾರು

ಒಂದಾನೊಂದು ಊರಿನಲ್ಲಿ ಬೆಂಕಿ ಕಂಡರೆ ನಗುವ ಡೊಳ್ಳೊಂದಿತ್ತು. ಅದೇ ಮನೆಗೆ ಬೆಂಕಿ ಕಂಡರೆ ಅಳುವ ಗಿಟಾರೊಂದು ಹೊಸ ಸೊಸೆಯ ಹಾಗೆ ಬಂತು. ಅಜ್ಜಿ ಸೋಮವ್ವ ಈ ಕಥೆಯನ್ನು ಹೀಗೆಯೇ ಶುರು ಮಾಡುತ್ತಿದ್ದಳು. ಊರು ನಮ್ಮ ನಾಗಣಸೂರ. ಡೊಳ್ಳು ಅಜ್ಜ ಧರೆಪ್ಪನದು, ಗಿಟಾರು ಪೀರಪ್ಪ ಕಾಕಾನದು.

ಕಾಕಾ ಸೊಲ್ಲಾಪುರದ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ಸಂಜೆ ಬ್ಯಾಂಡಿನವರ ಖೋಲಿಗೆ ಹೋಗಿ ಅವರ ಗಿಟಾರು ಮುಟ್ಟಿ ಮುಟ್ಟಿ ಕಲಿತ. ೧೯೫೪ರ ಶ್ರಾವಣದಲ್ಲಿ ಮುಂಬಯಿಯಿಂದ ತನ್ನದೇ ಒಂದನ್ನು ತರಿಸಿ, ಕಂಬಳಿಯಲ್ಲಿ ಸುತ್ತಿ, ಅಕ್ಕಲಕೋಟದ ಮೇಲಿಂದ ಊರಿಗೆ ತಂದ. ಹೊಸ ವಾದ್ಯ ನಾಲ್ಕು ಮಂದಿಯ ಮುಂದೆ ಮೊದಲ ಸಲ ನುಡಿಯಬೇಕಾದದ್ದು ನಮ್ಮ ಕುರಿ ಕಾಯುವವರ ದೇವರು ಬೀರೋಬಾನ ಗುಡಿಯಲ್ಲಿ, ಅಪ್ಪನ ಡೊಳ್ಳಿನ ಜೊತೆ. ಅದು ನಮ್ಮ ಮನೆತನದ ರೂಢಿ. ಹಾಗೆಂದು ಮಾತು ಕೊಟ್ಟೇ ಕಾಕಾ ಊರು ಬಿಟ್ಟಿದ್ದ.

ಗುಡಿಯಲ್ಲಿ ನುಡಿಸಬೇಕಿದ್ದ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಕಾಕಾ ಬಾವಿಗೆ ಮೀಯಲು ಹೋದಾಗ ಅಜ್ಜ ಜೋಳದ ಒಣದಂಟಿನ ಕಣಿಕೆಗೆ ಬೆಂಕಿ ಹಚ್ಚಿ ಡೊಳ್ಳು ಕಾಸಿದ. ಥಂಡಿಗೆ ಸಡಿಲಾದ ತೊಗಲು ಬಿಸಿಗೆ ಬಿಗಿದು ಠಣ್ ಎಂದಿತು. ಆಮೇಲೆ ಗಿಟಾರಿನ ಹೊಟ್ಟೆಗೆ ಬೆರಳು ಬಡಿದು ನೋಡಿದ. ದನಿ ಮಂದ. “ಪಾಪ, ಇದಕ್ಕೂ ಥಂಡಿ ಹತ್ತೇದ” ಎಂದು, ಹಸುಗೂಸಿಗೆ ಶಾಖ ಕೊಡುವಷ್ಟು ಜೋಪಾನವಾಗಿ ಅದನ್ನೂ ಉರಿಯ ಮೇಲೆ ತಿರುಗಿಸಿ ತಿರುಗಿಸಿ ಹಿಡಿದ.

ಅಂಟು ಬಿಟ್ಟಿತು. ಹೊಟ್ಟೆ ಉಬ್ಬಿತು, ಕುತ್ತಿಗೆ ಮುಂದಕ್ಕೆ ಬಾಗಿತು.

“ಯಪ್ಪಾ, ಇದು ತೊಗಲಲ್ಲ, ಕಟಗಿ! ಕುರಿ ಕಾಯಾವ್ರ ಕೈಯಾಗ ಇದನ್ನ ಬಿಟ್ಟು ಹೋದೆನಲ್ಲ ನಾ!” ಕಾಕಾ ಒದ್ದೆ ಮೈಯಲ್ಲೇ ಕೂಗಿದ. ತಾನೂ ಕುರಿ ಕಾದವನೇ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಮರೆತಿತ್ತು. ಗಿಟಾರು ಸುತ್ತಿಕೊಂಡು ಸೊಲ್ಲಾಪುರಕ್ಕೆ ಹೊರಟೇಬಿಟ್ಟ.

ಅಜ್ಜ ಡೊಳ್ಳನ್ನು ಗೂಟಕ್ಕೆ ತೂಗುಹಾಕಿದ. “ಅದು ಬೀರೋಬಾನ ಮುಂದ ನುಡಿಯೋತನಕ ಇದೂ ನುಡಿಯಾಂಗಿಲ್ಲ.”

ಎರಡು ವರ್ಷ, ಅಮಾವಾಸ್ಯೆಗೆ ಗುಡಿಯವರು ಕರೆಯಲು ಬಂದಾಗಲೆಲ್ಲ ಅಜ್ಜ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. “ನಾನೂ ಒಂದು ಗ್ವಾಡಿ ಆಗಿದ್ರ ನನ್ನ ಮಾರಿನೂ ನೋಡ್ತಿದ್ದ,” ಎನ್ನುತ್ತಿದ್ದಳು ಅಜ್ಜಿ.

ಸೊಲ್ಲಾಪುರದಲ್ಲಿ ಹಾರ್ಮೋನಿಯಂ ದುರಸ್ತಿ ಮಾಡುವ ಮಲ್ಲಯ್ಯ ಹೊಟ್ಟೆಯನ್ನೇನೋ ಅಂಟಿಸಿಕೊಟ್ಟ. ಕುತ್ತಿಗೆ ನೆಟ್ಟಗಾಗಲಿಲ್ಲ. ತಂತಿಗಳು ಬೆರಳ ದಪ್ಪ ಮೇಲೆದ್ದು ನಿಂತಿದ್ದವು. ಒತ್ತಿದರೆ ಬೆರಳು ಕೊಯ್ಯುತ್ತಿದ್ದವು.

“ಒಲಿಗಿ ಹಾಕ್ರಿ ಪೀರಪ್ಪ. ಹೆಂಗೂ ಅರ್ಧ ಬೆಂದದ,” ಎಂದ ಮಲ್ಲಯ್ಯ.

ಕಾಕಾ ಹಾಕಲಿಲ್ಲ. ಒಂದು ರಜೆಯ ದಿನ ಅದನ್ನು ಕುರಿಮರಿಯಂತೆ ತೊಡೆಯ ಮೇಲೆ ಅಡ್ಡ ಮಲಗಿಸಿ, ಮಿಲ್ಲಿನ ನುಣುಪು ಕಬ್ಬಿಣದ ತುಂಡೊಂದನ್ನು ತಂತಿಗಳ ಮೇಲೆ ಒತ್ತದೆ, ಸುಮ್ಮನೆ ಜಾರಿಸಿದ. ಹಟ್ಟಿಗೆ ಮರಳುವ ತಾಯಿಕುರಿ ಮರಿಯನ್ನು ಕರೆದಂಥ ದನಿ ಬಂತು. ಅಂದಿನಿಂದ ಖೋಲಿಯ ಬಾಗಿಲು ಮುಚ್ಚಿಕೊಂಡು ಆ ಜಾರುವ ಸ್ವರವನ್ನೇ ಪಳಗಿಸಿದ. ಮುಂದೆ ಬ್ಯಾಂಡಿನಲ್ಲಿ ಅವನಿಗೆ ಮುಂದಿನ ಕುರ್ಚಿ ಸಿಕ್ಕಿದ್ದು, ಸೊಲ್ಲಾಪುರದ ಮಂದಿ ‘ತೊಡೆಗಿಟಾರಿನ ಪೀರಪ್ಪ’ ಎಂದು ಗುರುತಿಸಿದ್ದು, ಎಲ್ಲ ಆ ಬಾಗಿದ ಕುತ್ತಿಗೆಯಿಂದ. ಆದರೆ ಬ್ಯಾಂಡಿನ ಮಾಸ್ತರ ಬಾಗಿಲಾಚೆ ನಿಂತು ಕೇಳಿ, “ಸೋಮವಾರ ಲಗ್ನದಾಗ ಬಾರಿಸು ಬಾ,” ಎಂದು ಮೊದಲ ಸಲ ಕರೆದಾಗ ಕಾಕಾ ಅಂದದ್ದು ಇಷ್ಟೇ: “ಮೊದಲ ಊರಿಗಿ ಹೋಗಿ ಬರ್ತೀನ್ರಿ.”

ಭಾನುವಾರ ಮಧ್ಯಾಹ್ನ ಊರಿಗೆ ಬಂದವನೇ ಗುಡಿಯ ಕಟ್ಟೆಯ ಮೇಲೆ ಕೂತ. ಸುದ್ದಿ ತಿಳಿದ ಅಜ್ಜಿ ಡೊಳ್ಳನ್ನು ಹೆಗಲಿಗೇರಿಸಿ, ಅಜ್ಜನನ್ನು ರಟ್ಟೆ ಹಿಡಿದು ಕರೆತಂದಳು. ಹಿಂದೆ ನಾಲ್ಕಾರು ಮಂದಿ. ಬಾಗಿದ ಕುತ್ತಿಗೆ ಕಂಡು ಅಜ್ಜ ತಲೆ ತಗ್ಗಿಸಿದ.

“ಯಪ್ಪಾ, ಡೊಳ್ಳು ಕಾಸು.”

“ಬ್ಯಾಡಪಾ. ನಾ ಬೆಂಕಿ ಮುಟ್ಟಾಂಗಿಲ್ಲ.”

“ಡೊಳ್ಳಿಗಷ್ಟ ಹಚ್ಚು. ನಂದು ನೀ ಆಗಲೇ ಕಾಸಿ ಕೊಟ್ಟೀದಿ.”

ಅಜ್ಜ ಕಣಿಕೆ ಒಟ್ಟಿ ಕಡ್ಡಿ ಗೀರಿದ. ಮೂರು ಕಡ್ಡಿ ಆರಿಹೋದವು. ನಾಲ್ಕನೆಯದನ್ನು ಅಜ್ಜಿ ಗೀರಿದಳು. ಕಣಿಕೆ ಹತ್ತಿತು, ತೊಗಲು ಬಿಗಿಯಿತು. ಕಾಕಾ ಗಿಟಾರಿನ ಉಬ್ಬಿದ ಹೊಟ್ಟೆಗೆ ಭಂಡಾರದ ಅರಿಶಿನ ಹಚ್ಚಿ, ಕಬ್ಬಿಣ ಜಾರಿಸಿದ. ಗುಡಿಯ ಹಿಂದೆ ಮಲಗಿದ್ದ ಕುರಿಗಳು ತಲೆಯೆತ್ತಿದವು. ಅಜ್ಜ, ಕಣ್ಣೊರೆಸಿಕೊಳ್ಳದೆಯೇ, ಡೊಳ್ಳಿಗೆ ಕೈ ಹಾಕಿದ.