ಕಲ್ಲು ಸಿಕ್ಕಿತೆಂದು ನನ್ನನ್ನು ಕೊಯ್ದರು

ನಾನು ಒಂದು ಅರ್ಥಿಂಗ್ ರಾಡು. ಸರಿಯಾಗಿ ಹೇಳಬೇಕೆಂದರೆ, ರಾಡಿನಲ್ಲಿ ಉಳಿದ ತುಂಡು. ಕಾರ್ಖಾನೆಯಲ್ಲಿ ಉಕ್ಕನ್ನು ಎಳೆದು ನನ್ನನ್ನು ಉದ್ದಕ್ಕೆ ಮಾಡಿದರು, ಮೈಗೆಲ್ಲ ತಾಮ್ರ ಹೊದಿಸಿದರು, ಒಂದು ತುದಿಯನ್ನು ಚೂಪು ಮಾಡಿದರು. ನನ್ನ ಕೆಲಸ ಒಂದೇ. ನೆಲದ ಆಳಕ್ಕಿಳಿದು ತೇವದ ಮಣ್ಣಿನಲ್ಲಿ ನಿಲ್ಲುವುದು. ಮೇಲಿನ ಮಶೀನಿನ ಕರೆಂಟು ದಾರಿ ತಪ್ಪಿ ಅದರ ಮೈಗೆ ಹತ್ತಿದರೆ, ಮನುಷ್ಯರನ್ನು ಮುಟ್ಟುವ ಮೊದಲೇ ಅದನ್ನು ಭೂಮಿಗೆ ಒಯ್ಯುವುದು. ಆ ಕೆಲಸವನ್ನು ನನಗೆ ಒಂದು ದಿನವೂ ಮಾಡಗೊಡಲಿಲ್ಲ.

ನನ್ನನ್ನು ಕೊಂಡವನು ಅಣವೀರ. ಊರೂರಿಗೆ ವೈರಿಂಗ್ ಮಾಡಿಸುವ ಗುತ್ತಿಗೆದಾರ. ಶಹಾಬಾದ್ ಕಡೆಯ ಒಂದು ಹಳ್ಳಿಯಲ್ಲಿ ಹೆಂಗಸರ ಸಂಘದವರು ಹಿಟ್ಟಿನ ಗಿರಣಿ ಹಾಕಿದ್ದರು. ಅಲ್ಲಿಗೆ ನನ್ನನ್ನು ತಂದ. ಆ ನೆಲ ಮೇಲೆ ನೋಡಲು ಕಪ್ಪು ಮಣ್ಣು, ಮೊಳದ ಕೆಳಗೆ ಬರೀ ಹಾಸುಗಲ್ಲು, ಒಂದರ ಮೇಲೊಂದು ಪದರ.

ಅಣವೀರ ಸುತ್ತಿಗೆ ಎತ್ತಿ ಹೊಡೆದ. ನಾನು ಸಂತೋಷದಿಂದಲೇ ಇಳಿದೆ. ಆಮೇಲೆ ಠಣ್ ಎಂದಿತು. ಮತ್ತೆ ಹೊಡೆದ. ನನ್ನ ತಲೆ ಚಪ್ಪಟೆಯಾಯಿತು, ನಡು ಬಾಗಿತು, ಕಲ್ಲು ಜರುಗಲಿಲ್ಲ.

ಕಲ್ಲಿನ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ಜಾಗದಲ್ಲಿ ತಾನಿತ್ತು. ಅಂಥ ನೆಲಕ್ಕೂ ದಾರಿಗಳಿವೆ. ಮಣ್ಣು ಆಳವಿರುವ ಜಾಗ ಹುಡುಕಿ ಅಲ್ಲಿಂದ ತಂತಿ ಎಳೆಯಬಹುದು. ಉದ್ದಕ್ಕೆ ಕಾಲುವೆ ತೋಡಿ ತಾಮ್ರದ ಪಟ್ಟಿ ಮಲಗಿಸಬಹುದು. ಅಣವೀರನಿಗೆ ಇದೆಲ್ಲ ಗೊತ್ತಿತ್ತು. ಆದರೆ ಬಿಸಿಲು ಏರಿತ್ತು, ಅವನು ಇನ್ನೊಂದು ಊರಿಗೆ ಹೋಗಬೇಕಿತ್ತು. ಗರಗಸದ ಬ್ಲೇಡು ತೆಗೆದು ನೆಲದ ಮಟ್ಟಕ್ಕೆ ನನ್ನನ್ನು ಕೊಯ್ದ. ಕೆಳಗುಳಿದ ಮೋಟು ತುಂಡಿಗೆ ತಂತಿ ಬಿಗಿದು ಸುತ್ತ ಸಿಮೆಂಟು ಮೆತ್ತಿದ. ನನ್ನನ್ನು ಹಿಂದಿನ ಕೊಚ್ಚೆಗೆ ಎಸೆದ.

ಸಂಘದ ಹಿರಿಯಳು ತಂಗೆಮ್ಮ ಹೊರಗೆ ಬಂದು ಕೇಳಿದಳು: "ಅಣ್ಣಾ, ಇಲ್ಲಿ ಬರೀ ಕಲ್ಲು ಅದ. ರಾಡು ಒಳಗ ಹೋಯ್ತೇನು?"

"ಹೋಗ್ಯಾದ ಅಕ್ಕಾ. ಇನ್ನ ನೀವು ಆರಾಮ ಗಿರಣಿ ನಡಸ್ರಿ."

ಕೊಚ್ಚೆಯಲ್ಲಿ ಬಿದ್ದು ಇದನ್ನು ಕೇಳಿಸಿಕೊಂಡೆ. ಬಾಯಿಲ್ಲದ ವಸ್ತುವಾಗಿ ಹುಟ್ಟಿದ್ದಕ್ಕೆ ಅವತ್ತು ಉರಿದಷ್ಟು ನಾನು ಕುಲುಮೆಯಲ್ಲೂ ಉರಿದಿರಲಿಲ್ಲ.

ಕೆಲವು ದಿನಕ್ಕೆ ಸಾಬಮ್ಮ ನನ್ನನ್ನು ನೋಡಿದಳು. ಗಿರಣಿಯಲ್ಲಿ ಕಾಳು ಸುರಿಯುವವಳು ಅವಳೇ. ಕೆಸರು ಮೆತ್ತಿದ ಕಬ್ಬಿಣವೆಂದುಕೊಂಡು ಮನೆಗೆ ಒಯ್ದಳು, ಎರಡು ಗೋಡೆಗಳ ನಡುವೆ ಕಟ್ಟಿ ಸೀರೆ ಒಣಹಾಕಿದಳು. ಬೆಳಗಾದರೆ ಅವಳು ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಎರಡೂ ಅಂಗೈಯಿಂದ ಪಟಪಟ ಬಡಿದು ಜೋಳದ ರೊಟ್ಟಿಯನ್ನು ಚಂದ್ರನಷ್ಟು ದುಂಡಗೆ ಮಾಡುತ್ತಿದ್ದಳು. ಆಮೇಲೆ ಗಿರಣಿಗೆ ಹೊರಡುತ್ತಿದ್ದಳು. ಪ್ರತಿದಿನ ನಾನು ಒಳಗೊಳಗೇ ಕೂಗುತ್ತಿದ್ದೆ: ಆ ಮಶೀನು ಮುಟ್ಟಬೇಡ.

ಮಳೆಗಾಲದಲ್ಲಿ ಮೋಟರಿನ ವೈರು ಸವೆದು ಮಶೀನಿನ ಮೈಗೆ ತಾಗಿತು. ಸಾಬಮ್ಮ ಕಾಳು ಸುರಿಯಲು ಕೈಯಿಟ್ಟಳು. ಕೈ ಅಲ್ಲೇ ಹಿಡಿದುಕೊಂಡಿತು. ತಂಗೆಮ್ಮ ಓಡಿ ಬಂದು ಮೇನ್ ಸ್ವಿಚ್ ಎಳೆಯುವಷ್ಟರಲ್ಲಿ ಬಲಗೈ ಸುಟ್ಟಿತ್ತು. ಜೀವ ಉಳಿಯಿತು. ಎರಡು ಬೆರಳು ಸೆಟೆದುಕೊಂಡವು, ಮತ್ತೆ ಮಡಚಲಿಲ್ಲ.

ಅಣವೀರ ಬಂದು ವೈರು ಸರಿ ಮಾಡಿದ. "ಹಸಿ ಕೈಲೆ ಮುಟ್ಟ್ಯಾಳ, ನಾ ಏನ್ ಮಾಡ್ಲಿ? ನನ್ನ ಅರ್ಥಿಂಗ್ ಪಕ್ಕಾ ಅದ" ಎಂದ. ಊರು ನಂಬಿತು. ಸಾಬಮ್ಮನೂ ನಂಬಿದಳು, ತನ್ನದೇ ತಪ್ಪೆಂದು ಅತ್ತಳು. ಅದನ್ನು ನೋಡುವುದು ಗರಗಸಕ್ಕಿಂತ ಕೆಟ್ಟದಾಗಿತ್ತು.

ಮನೆಯಲ್ಲಿ ಮಲಗಿದ್ದವಳ ಕಣ್ಣು ಒಂದು ಮಧ್ಯಾಹ್ನ ನನ್ನ ಕೊಯ್ದ ತುದಿಯ ಮೇಲೆ ನಿಂತಿತು. ಒಳಗೆ ಬಿಳಿ ಉಕ್ಕು, ಸುತ್ತ ಕೆಂಪು ಬಳೆ. ಎದ್ದು ಬಂದು ಎಡಗೈಯಿಂದ ನನ್ನ ಮೈಯ ಕೆಸರು ಕೆರೆದಳು. ತಾಮ್ರ ಹೊಳೆಯಿತು. ಗಿರಣಿಯ ಅಂಗಳಕ್ಕೆ ನಾನು ಹೊಸದಾಗಿ ಬಂದ ದಿನ ಈ ತಾಮ್ರದ ಮೈಗೆ ಕುಂಕುಮ ಹಚ್ಚಿದವಳು ಅವಳೇ, ಈಗ ಗುರುತು ಹಿಡಿದಳು.

ನನ್ನನ್ನು ಹೆಗಲ ಮೇಲಿಟ್ಟುಕೊಂಡು ನೇರ ಗಿರಣಿಗೆ ನಡೆದಳು. ತಂಗೆಮ್ಮ ಅಣವೀರನನ್ನು ಕರೆಸಿದಳು. ಅವನು ನನ್ನ ಕೊಯ್ದ ತುದಿಯಿಂದ ಕಣ್ಣು ತಿರುಗಿಸಿದ. "ಇದು ಬ್ಯಾರೆ ರಾಡು. ನಿಮ್ದು ನೆಲದಾಗ ಅದ" ಎಂದ.

ಸಾಬಮ್ಮ ಕೊಡದಿಂದ ಒಂದು ಚೊಂಬು ನೀರು ತಂದು ಅವನ ಕೈ ಮೇಲೆ ಸುರಿದಳು.

"ವೈರು ಮತ್ತ ತಾಗಿದ್ರೂ ನಿನ್ನ ಅರ್ಥಿಂಗ್ ಕಾಯ್ತದಲ್ಲ ಅಣ್ಣಾ? ಹಂಗಾದ್ರ ವೈರು ತಾಗಿಸಿ ಮಶೀನ್ ಚಾಲೂ ಮಾಡು. ಆ ಕೈ ಅದರ ಮ್ಯಾಲ ಇಡು" ಎಂದಳು ಸಾಬಮ್ಮ.

ಅಣವೀರ ಕೈ ಹಿಂದಕ್ಕೆ ಎಳೆದುಕೊಂಡ. ಅಂಗಿಗೆ ಒರೆಸಿಕೊಂಡ. ಹೆಂಗಸರೆಲ್ಲ ನೋಡುತ್ತ ನಿಂತಿದ್ದರು.

"ಯಾಕ, ಅಂಜಿಕಿ ಬಂತೇನು?" ತಂಗೆಮ್ಮ ಕೇಳಿದಳು. "ನಮ್ಮ ಸಾಬಿ ಕೈ ಇಡಬಹುದು, ನಿಂದು ಇಡಬಾರದು?"

"ಕಲ್ಲು ಬಂತು ಅಕ್ಕಾ," ಎಂದ ತಲೆ ತಗ್ಗಿಸಿ. "ಕಲ್ಲಿದ್ರ ಹಂಗ ಮಾಡ್ತಾರ ಎಲ್ಲಾರೂ."

ಎಲ್ಲರೂ! ಆ ಮಾತಿಗೆ ನನ್ನ ಸಿಟ್ಟು ಎರಡರಷ್ಟಾಯಿತು. ಎಷ್ಟು ನೆಲಗಳಲ್ಲಿ ಎಷ್ಟು ಮೋಟು ತುಂಡುಗಳು ಸಿಮೆಂಟಿನಡಿ ಸುಳ್ಳು ಹೇಳುತ್ತ ಕೂತಿವೆಯೋ.

ಹೆಂಗಸರು ಅವನನ್ನು ಬಿಡಲಿಲ್ಲ. ಹಳ್ಳದ ಬದಿ, ಮಣ್ಣು ಆಳವಿರುವಲ್ಲಿ ಅವನ ಕೈಯಿಂದಲೇ ಹೊಸ ರಾಡು ಇಳಿಸಿದರು, ಅಲ್ಲಿಂದ ಗಿರಣಿವರೆಗೆ ಕಾಲುವೆ ತೋಡಿಸಿ ತಂತಿ ಹೂಳಿಸಿದರು. ನನ್ನನ್ನು ಹೂಳಲಿಲ್ಲ. ತುಂಡು ರಾಡು ಯಾತಕ್ಕೂ ಬಾರದು.

ಈಗ ಸಾಬಮ್ಮನ ಬಾಗಿಲ ಹಿಂದೆ ಒರಗಿದ್ದೇನೆ. ತಾಮ್ರ ಹಸಿರುಗಟ್ಟಿದೆ. ವಯಸ್ಸಾದರೆ ಸಿಟ್ಟು ಆರುತ್ತದೆ ಅನ್ನುತ್ತಾರೆ, ನನ್ನದು ಆರಿಲ್ಲ. ರೊಟ್ಟಿಯನ್ನು ಅವಳ ಸೊಸೆ ಬಡಿಯುತ್ತಾಳೆ. ಸಾಬಮ್ಮ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದಲ್ಲಿ ಕೂತಿರುತ್ತಾಳೆ.

ಸುತ್ತಲಿನ ಹಳ್ಳಿಯಲ್ಲಿ ಎಲ್ಲೇ ಮೋಟರು ಕೂಡಿಸಲಿ, ಸುದ್ದಿ ಸಿಕ್ಕರೆ ಅವಳು ನನ್ನನ್ನು ಎತ್ತಿಕೊಂಡು ಹೊರಡುತ್ತಾಳೆ. ರಾಡು ಇಳಿಸುವ ಕುಣಿಯ ಅಂಚಿಗೆ ನನ್ನನ್ನು ಊರಿ ನಿಲ್ಲುತ್ತಾಳೆ. ಮೊನ್ನೆ ಒಂದು ಶಾಲೆಯ ಅಂಗಳದಲ್ಲಿ ರಾಡು ಕಲ್ಲಿಗೆ ಬಡಿದು ಠಣ್ ಎಂದಿತ್ತು, ಕೆಲಸದವರು ಅವಳನ್ನು ಗದರಿದರು: "ನೀ ಯಾರವ್ವ? ಹೋಗತ್ಲಾಗ."

ಅವಳು ಸೆರಗು ಸರಿಸಿ ಕೈ ತೋರಿಸಿದಳು. ಅವರು ಸುತ್ತಿಗೆ ಕೆಳಗಿಟ್ಟು, ಕಾಲುವೆ ತೋಡಲು ಗುದ್ದಲಿ ಹಿಡಿದರು.