ಮರ್ಯಾದೆಗೆ ಬರೆದ ಸಾಲು

ಜಾಹೀರಾತು ಕಂಪನಿಯಿಂದ ಬಂದ ಉತ್ತರವನ್ನು ಶಶಿಧರ ಮತ್ತೊಮ್ಮೆ ಓದಿದ. ಅದರಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ‘ನಿಮ್ಮ ವೆಬ್‌ಸೈಟ್ ಇನ್ನೂ ಪೂರ್ತಿಯಾಗಿಲ್ಲ. ಅದರಲ್ಲಿ ನಮ್ಮ ಜಾಹೀರಾತು ಹಾಕಲು ಒಪ್ಪಿಗೆ ಕೊಡಲಾಗದು. ಪೂರ್ತಿಯಾದ ಮೇಲೆ ಮತ್ತೆ ಅರ್ಜಿ ಹಾಕಿ.’ ಕೆಳಗೆ ಯಾರ ಹೆಸರೂ ಇರಲಿಲ್ಲ.

“ಬಂತಾ ಸಾರ್?” ಸೈಬರ್ ಸೆಂಟರಿನ ಯುವರಾಜ್ ತನ್ನ ಕುರ್ಚಿಯಿಂದಲೇ ಕತ್ತು ಚಾಚಿದ.

“ಬಂದಿದೆ. ಅವರಿಗೇನೋ ಸಣ್ಣ ಅನುಮಾನ.”

ಯುವರಾಜ್ ಎದ್ದು ಬಂದು ಓದಿದ. ಕೇಳದೆಯೇ ವೆಬ್‌ಸೈಟ್ ತೆರೆದ. ಎರಡು ವರ್ಷ ಪ್ರತಿ ಭಾನುವಾರ ಅರಸೀಕೆರೆಯಿಂದ ಬಸ್ಸು ಹತ್ತಿ ಹೋಗಿ, ಹಳೇಬೀಡಿನ ದೇವಾಲಯ ಸುತ್ತಿ, ಶಶಿಧರ ಇಂಗ್ಲಿಷಿನಲ್ಲಿ ಬರೆದ ಪುಟಗಳು. ಪ್ರತಿ ಪುಟದ ಕೊನೆಯಲ್ಲೂ ಅದೇ ಸಾಲು: ‘ಈ ಬರಹ ಅಪೂರ್ಣ. ತಪ್ಪುಗಳಿದ್ದರೆ ತಿಳಿದವರು ಮನ್ನಿಸಬೇಕು.’

ಯುವರಾಜ್ ಗಟ್ಟಿಯಾಗಿ ನಕ್ಕ. “ಮುಗ್ದಿಲ್ಲ ಅಂತ ನೀವೇ ಬರ್ಕೊಂಡಿದೀರಲ್ಲ ಸಾರ್! ಹೋಟ್ಲು ಬಾಗ್ಲಲ್ಲಿ ಇಡ್ಲಿ ಬೆಂದಿಲ್ಲ ಅಂತ ಬೋರ್ಡ್ ಹಾಕ್ದಂಗಾಯ್ತು.”

“ಅದು ಮರ್ಯಾದೆಗೆ ಬರೆದದ್ದು. ಮುನ್ನುಡಿಯಲ್ಲಿ ಎಲ್ಲರೂ ಬರೀತಾರೆ.”

“ಓದೋದು ಮಿಷನ್ನು ಸಾರ್. ಅದಕ್ಕೇನ್ ಗೊತ್ತು ಮರ್ಯಾದೆ?”

ಮೊಬೈಲ್ ಸದ್ದು ಮಾಡಿತು. ಮಾವ ಷಡಕ್ಷರಪ್ಪ. ಶಶಿಧರ ಪಾಠ ಹೇಳುತ್ತಿದ್ದ ಟೈಪಿಂಗ್ ಶಾಲೆ ಮುಚ್ಚಿದಂದಿನಿಂದ ಅವರ ಕೊಬ್ಬರಿ ಮಂಡಿಯಲ್ಲಿ ಅವನಿಗೊಂದು ಕುರ್ಚಿ ಕಾದಿತ್ತು. ಜಾಹೀರಾತಿಗೆ ಒಪ್ಪಿಗೆ ಸಿಕ್ಕು ಅದರಿಂದ ದುಡ್ಡು ಬಂದರೆ ನನ್ನ ದಾರಿ ನನಗೆ, ಸಿಗದಿದ್ದರೆ ಮಂಡಿಗೆ ಬರುತ್ತೇನೆ ಎಂದು ಅವನೇ ಮಾತು ಕೊಟ್ಟಿದ್ದ. ಆಗ ಹೆಂಡತಿ ಹೇಮಲತಾ ತಂದೆಯ ಮುಖ ನೋಡಿದ್ದಳು, ಅವನದ್ದಲ್ಲ.

“ಏನಾಯ್ತು ಅಳಿಯಂದ್ರೇ, ಒಪ್ಕೊಂಡ್ರಾ?”

“ಒಂದು ತಿದ್ದುಪಡಿ ಕೇಳಿದ್ದಾರೆ.”

“ತಿದ್ದಿ, ತಿದ್ದಿ. ಲಗ್ನಪತ್ರಿಕೇಲೂ ತಪ್ಪು ಹುಡುಕ್ದೋರಲ್ವಾ ನೀವು!” ಮಾವ ನಕ್ಕರು. “ಸೋಮವಾರ ದಿನ ಚೆನ್ನಾಗೈತೆ. ಸುಮ್ನೆ ಬಂದು ಕೂತ್ಕಳಿ. ನಿಮ್ಮನ್ನ ಯಾರೂ ಏನೂ ಕೇಳಲ್ಲ.”

ಯಾರೂ ಏನೂ ಕೇಳುವುದಿಲ್ಲ. ಅವನಿಗೆ ಭಯವಿದ್ದದ್ದು ಅದರದ್ದೇ.

ಅವನು ಅಳಿಸತೊಡಗಿದ. ಒಂದೊಂದು ಪುಟದಿಂದಲೂ ಆ ಸಾಲು ಹೋಯಿತು. ಹೋದ ಮೇಲೆ ಉಳಿದದ್ದನ್ನು ಓದಿದರೆ ಬೇರೆ ಯಾರೋ ಗಂಟಲು ಸರಿಮಾಡಿಕೊಂಡು ಮಾತಾಡಿದಂತಿತ್ತು.

“ಇಲ್ನೋಡಿ ಸಾರ್, ಎಲ್ಲಾ ಕಡೆ ‘ಬಹುಶಃ’, ‘ಇರಬಹುದು’. ಅವನ್ನೂ ತೆಗೀರಿ. ಅನುಮಾನದ ಮನುಷ್ಯನಿಗೆ ಯಾರು ಒಪ್ಗೆ ಕೊಡ್ತಾರೆ?”

‘ಬಹುಶಃ’ಗಳು ಹೋದವು. ತನಗೆ ಇಷ್ಟೆಲ್ಲ ಖಚಿತವಾಗಿ ಗೊತ್ತಿತ್ತೆಂದು ಶಶಿಧರನಿಗೆ ಗೊತ್ತಿರಲಿಲ್ಲ.

ಕೊನೆಯ ಪುಟದಲ್ಲಿ ಕೈ ನಿಂತಿತು. ‘ದೇವಾಲಯದ ಕೆಲವು ಶಿಲ್ಪಗಳು ಅಪೂರ್ಣವಾಗಿಯೇ ಉಳಿದಿವೆ.’

“ಅಪೂರ್ಣ ಅನ್ನೋದು ಇಲ್ಲೂ ಐತಲ್ಲ ಸಾರ್.”

“ಇದು ನನ್ನ ವಿಷಯ ಅಲ್ಲ. ಕಲ್ಲಿನ ವಿಷಯ.”

“ಮಿಷನ್ನಿಗೆ ನೀವೂ ಒಂದೇ, ಕಲ್ಲೂ ಒಂದೇ.” ಯುವರಾಜ್ ಆಕಳಿಸಿದ. “ಪೂರ್ಣ ಅಂತ ಹಾಕ್ಬಿಡಿ. ಯಾರು ಹೋಗಿ ನೋಡ್ತಾರೆ?”

ಹೋಗಿ ನೋಡಿದವನೊಬ್ಬ ಅಲ್ಲೇ ಕುಳಿತಿದ್ದ. ಅವನ ಬೆರಳುಗಳು ಟೈಪಿಂಗ್ ಶಾಲೆಯ ಅಚ್ಚುಕಟ್ಟಿನಲ್ಲಿ, ಒಂದು ಅಕ್ಷರವೂ ತಪ್ಪದೆ, ಹೊಡೆದವು: ‘ದೇವಾಲಯದ ಎಲ್ಲ ಶಿಲ್ಪಗಳೂ ಪೂರ್ಣವಾಗಿವೆ.’

ಮತ್ತೆ ಅರ್ಜಿ ತುಂಬಿದ. ನಿಮ್ಮ ವೆಬ್‌ಸೈಟ್ ಪೂರ್ತಿಯಾಗಿದೆಯೇ ಎಂದು ಅದು ಕೇಳಿತು. ಹೌದು. ಒತ್ತಿದ.

ತಿದ್ದಿದ ಪುಟ ಹೇಗೆ ಕಾಣುತ್ತದೆಂದು ತೆರೆದ. ಮೊದಲು ಹೊಸ ಸಾಲು ಬಂತು. ಅದರ ಕೆಳಗೆ, ಮುಗಿಯದ ಶಿಲ್ಪವೊಂದರ ಮುಂದೆ ನಿಂತು ಅವನೇ ತೆಗೆದ ಫೋಟೋ ಮೇಲಿನಿಂದ ಪಟ್ಟಿಪಟ್ಟಿಯಾಗಿ ಇಳಿಯತೊಡಗಿತು. ಕಿರೀಟ, ಅದರ ಸೂಕ್ಷ್ಮ ಮಣಿಗಳು, ಹಣೆಯ ಅಂಚು. ಅಲ್ಲಿಂದ ಕೆಳಗೆ ಬರೀ ಬೂದಿ ಬಣ್ಣ.

“ನೆಟ್ ಹೋಯ್ತು ಸಾರ್,” ಎಂದ ಯುವರಾಜ್.

ಅರ್ಜಿ ಹೋಯಿತೇ ಎಂದು ಶಶಿಧರ ಕೇಳಲಿಲ್ಲ. ಪರದೆಗೆ ಮುಖ ತಂದು ನೋಡುತ್ತಿದ್ದ. ಕಿರೀಟದ ಕೆಳಗಿನ ಆ ಬೂದಿ, ಇಳಿಯದೆ ನಿಂತ ಫೋಟೋವೋ, ಮುಖ ಕೆತ್ತದೆ ಬಿಟ್ಟ ಕಲ್ಲೋ, ತಿಳಿಯುವಂತಿರಲಿಲ್ಲ.