ಎರಡು ನೂಲು ಕೆಳಗೆ

ಪರದೆಯ ಅಂಚು ಎಡಗಡೆ ಅರ್ಧ ಇಂಚು ಇಳಿದಿದೆ, ಹೊಲಿದವರು ಯಾರೋ ಅಳತೆ ತಪ್ಪಿದ್ದಾರೆ, ಇಲ್ಲವೇ ಒಗೆದು ಒಗೆದು ಒಂದು ಕಡೆ ಜಗ್ಗಿದೆ, ನಮ್ಮ ಗಾರ್ಮೆಂಟ್ಸ್ ಲೈನಿನಲ್ಲಾಗಿದ್ದರೆ ನೇರ ಆಲ್ಟರ್ ಬುಟ್ಟಿಗೆ, ಬಿಚ್ಚಿ ಮತ್ತೆ ಹೊಲಿಯಿರಿ ಅಂತ — ಛೆ, ಅಕ್ಕನನ್ನು ಆ ಪರದೆಯ ಆಚೆ ಮಲಗಿಸಿ ಸ್ಕ್ಯಾನ್ ಯಂತ್ರದೊಳಗೆ ತಳ್ಳಿದ್ದಾರೆ, ನಾನು ಈಚೆ ಬೆಂಚಿನ ಮೇಲೆ ಕೂತು ಪರದೆಯ ಹೊಲಿಗೆ ನೋಡುತ್ತಿದ್ದೇನೆ, ಎಂಥ ಹೆಂಗಸು ನಾನು. ಇಪ್ಪತ್ತೊಂದು ವರ್ಷದ ಚಟ, ಬಿಡು ಅಂದರೆ ಬಿಡುತ್ತದೆಯೇ, ದಿನಕ್ಕೆ ಆರುನೂರು ಶರ್ಟು, ಕಾಲರಿನ ಎಡ ತುದಿ ಬಲ ತುದಿ, ಎಡ ತೋಳು ಬಲ ತೋಳು, ಟೇಪು ಹಿಡಿ, ಸಮ ಇದೆಯೋ, ಮುಂದಕ್ಕೆ ಹಾಕು, ಸಮ ಇಲ್ಲವೋ, ಹಿಂದಕ್ಕೆ. ಗಡಿಯಾರದಲ್ಲಿ ಒಂಬತ್ತು ನಲವತ್ತು. ಬೆಳಿಗ್ಗೆ ಏಳಕ್ಕೆ ಅಕ್ಕನ ಕೈಯಿಂದ ಟೀ ಲೋಟ ಜಾರಿ ಬಿತ್ತು, ಏನೇ ಅಕ್ಕ ಅಂದೆ, ಏನೋ ಹೇಳಿದಳು, ಮಾತು ಬಾಯಲ್ಲಿ ಅನ್ನ ತುಂಬಿಕೊಂಡಂತೆ ಬಂತು, ಎಡಗಾಲು ಎಳೆಯಿತು, ಗೋಡೆ ಹಿಡಿದು ಹಾಗೇ ಕುಸಿದಳು. ಯಾವಾಗಿಂದ ಹಿಂಗೆ, ಅಂತ ಡಾಕ್ಟರು ಕೇಳಿದರು, ಮೀಸೆ ಸರಿಯಾಗಿ ಬಲಿಯದ ಡಾಕ್ಟರು, ಆದರೂ ಗಟ್ಟಿ ದನಿ, ಇವತ್ತು ಬೆಳಿಗ್ಗೆಯಿಂದ ಡಾಕ್ಟ್ರೇ, ಅಂದೆ, ಥಟ್ಟನೆ ಅಂದುಬಿಟ್ಟೆ. ಅವರು ಬರೆದುಕೊಂಡರು. ಆಮೇಲೆ ತಲೆಯೆತ್ತಿ, ನೋಡಿ ಅಮ್ಮ, ಸರಿಯಾಗಿ ಯೋಚ್ನೆ ಮಾಡಿ ಹೇಳಿ, ಇವತ್ತೇ ಶುರುವಾಗಿದ್ರೆ ಒಂದು ಇಂಜೆಕ್ಷನ್ ಇದೆ, ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಟ್ರೆ ಎದ್ದು ನಡೆಯೋ ಹಾಗೆ ಆಗಬಹುದು, ಮುಂಚಿಂದಾನೇ ಇದ್ರೆ ಕೊಡೋ ಹಾಗಿಲ್ಲ, ತಲೆಯೊಳಗೆ ರಕ್ತ ಸೋರಿ ಪ್ರಾಣಕ್ಕೇ ಬರತ್ತೆ. ಸ್ಕ್ಯಾನಲ್ಲಿ ಗೊತ್ತಾಗಲ್ವಾ ಅಂದೆ. ಎಲ್ಲಾನೂ ಗೊತ್ತಾಗಲ್ಲ, ಯಾವಾಗ ಶುರುವಾಯ್ತು ಅನ್ನೋದನ್ನ ಜೊತೇಲಿರೋರೇ ಹೇಳ್ಬೇಕು, ಸ್ಕ್ಯಾನ್ ಮುಗೀಲಿ, ಇನ್ನೊಂದು ಸಲ ಕೇಳ್ತೀನಿ, ಅಂದು ಒಳಗೆ ಹೋದರು. ಜೊತೆಯಲ್ಲಿರುವವಳು ನಾನೇ. ಮದುವೆಯಾಗಿದ್ದ ಸ್ವಲ್ಪ ಕಾಲ ಬಿಟ್ಟರೆ ನಲವತ್ತಾರು ವರ್ಷದಿಂದ ಜೊತೆಯಲ್ಲಿರುವವಳು.

ಚೀಲದಲ್ಲಿ ಪುಸ್ತಕ ಇದೆ. ಟಿಫಿನ್ ಡಬ್ಬಿ, ಟೇಪು, ಗುರುತಿನ ಕಾರ್ಡು, ಚಿತ್ರದ ಪುಸ್ತಕ, ದಿನಾ ಇದೇ ಚೀಲ, ಬೆಳಿಗ್ಗೆ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿದರೆ ಅದೇ ಬಂದಿದೆ, ಅದನ್ನು ತೆರೆಯಬಾರದು, ತೆರೆಯುವುದಿಲ್ಲ. ಚಿತ್ರ ಕಲಿಯುವುದಕ್ಕೆ ಹೊರಟಾಗ ಅಕ್ಕ ನಕ್ಕಿದ್ದೇ ನಕ್ಕಿದ್ದು, ಈ ವಯಸ್ಸಲ್ಲಿ ನಿಂಗೇನು ಬಂತೇ, ಕಣ್ಣಿಗೆ ಕನ್ನಡಕ ಬಂತು, ಕೈಗೆ ಪೆನ್ಸಿಲ್ ಬಂತು, ಮಂಡಿಗೆ ನೋವು ಬಂದ್ರೆ ಸಂಸಾರ ಪೂರ್ತಿ ಆಯ್ತು ನೋಡು. ಅವಳಿಗೆ ಹೇಗೆ ಹೇಳಲಿ, ಇಪ್ಪತ್ತೊಂದು ವರ್ಷ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿದ್ದೇ ಬಂತು, ನನ್ನದು ಅಂತ ಒಂದು ಗುಂಡಿಯನ್ನೂ ಹಾಕಿಲ್ಲ, ಒಂದೇ ಒಂದನ್ನು ನಾನೇ ಮಾಡಬೇಕು ಅನ್ನಿಸಿತ್ತು, ಚೆನ್ನಾಗಿಲ್ಲದಿದ್ದರೂ ಸರಿ. ಹೊತ್ತಾದರೂ ಎಲ್ಲಿತ್ತು, ಕುಕ್ಕರ್ ಮೂರು ಸೀಟಿ ಕೂಗುವುದರೊಳಗೆ ಒಂದು ಕಿವಿ, ಬಸ್ಸಿನಲ್ಲಿ ಮುಂದಿನ ಸೀಟಿನವರ ಹೆರಳು, ಊಟದ ಇಪ್ಪತ್ತು ನಿಮಿಷದಲ್ಲಿ ಹತ್ತು ಊಟಕ್ಕೆ ಹತ್ತು ಪೆನ್ಸಿಲಿಗೆ, ಲೈನ್ ಸೂಪರ್‌ವೈಸರ್ ಬಂದು, ಏನ್ರೀ ಅದು, ಶರ್ಟಿನ ಹೊಸ ಮಾಡೆಲ್ಲಾ, ಅಂತ ಹಲ್ಲು ಕಿಸಿದು ಹೋಗುತ್ತಿದ್ದ. ಶನಿವಾರ ಸಂಜೆ ಸೈಕಲ್ ಅಂಗಡಿಯ ಮಹಡಿಯಲ್ಲಿ ಕ್ಲಾಸು, ಬೋರ್ಡ್ ಮೇಷ್ಟ್ರು, ನಲವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದು ಈಗ ನಮ್ಮಂಥವರಿಗೆ ಹೇಳಿಕೊಡುವವರು, ಬೆರಳ ತುದಿಯಲ್ಲಿ ಇನ್ನೂ ನೀಲಿ ಬಣ್ಣ ಉಳಿದಿದೆ. ಮನೇಲಿ ಒಂದು ಮುಖ ಹಿಡೀರಿ, ಒಂದೇ ಮುಖ, ವಾರಾ ವಾರಾ ಅದನ್ನೇ ಬರೀರಿ, ಅಂದರು ಹೋದ ತಿಂಗಳು. ಮನೆಯಲ್ಲಿ ಇನ್ನೊಂದು ಮುಖ ಇದ್ದದ್ದು ಅಕ್ಕನದು ತಾನೇ, ಅಮ್ಮ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತುಳಿದು ನನ್ನನ್ನು ಸಾಕಿದ ಮುಖ, ತನಗೆ ಮದುವೆ ಬೇಡ ಅಂದ ಮುಖ, ನಾನು ಮದುವೆ ಮುರಿದುಕೊಂಡು ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ಒಂದೂ ಪ್ರಶ್ನೆ ಕೇಳದೆ, ಕೈಕಾಲು ತೊಳ್ಕೊ ಹೋಗು, ಅಂದ ಮುಖ. ಭಾನುವಾರ ಮಧ್ಯಾಹ್ನ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದೆ, ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಳು, ಬರೆದೆ, ಮೊದಲನೆಯದು ಥೇಟ್ ಕುಂಬಳಕಾಯಿ. ಇದು ನಾನಲ್ಲ ಕಣೇ, ನಮ್ಮ ಸೋದರತ್ತೆ, ಅಂತ ಅಕ್ಕ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಕ್ಕಾಗ ತುಟಿಯ ಎಡ ಮೂಲೆ — ಮೇಲೆ ಹೋಯಿತೇ, ಹೋಗಲಿಲ್ಲವೇ, ನೆನಪಿಗೆ ಬರುತ್ತಿಲ್ಲ, ಎಷ್ಟು ಕಣ್ಣು ಮುಚ್ಚಿಕೊಂಡರೂ ಬರುತ್ತಿಲ್ಲ.

ಚಿತ್ರದಲ್ಲಿ ಮಾತ್ರ ಇಳಿದಿತ್ತು. ಅಕ್ಕನೇ ಮೊದಲು ಕಂಡುಹಿಡಿದಳು, ಬಾಯಿ ಸೊಟ್ಟ ಮಾಡಿಟ್ಟಿದ್ದೀಯಲ್ಲೇ, ಎರಡು ನೂಲು ಕೆಳಗೆ ಬಂದಿದೆ ನೋಡು. ಕಾಲಿಂಚನ್ನು ಅವಳು ಎರಡು ನೂಲು ಅನ್ನುತ್ತಾಳೆ, ಹೊಲಿಗೆಯವಳ ಲೆಕ್ಕ. ಟೇಪು ತೆಗೆದು ಮೂಗಿನಿಂದ ಬಲ ಮೂಲೆಗೆ, ಮೂಗಿನಿಂದ ಎಡ ಮೂಲೆಗೆ ಹಿಡಿದೆ, ಹೌದು, ಸರಿಯಾಗಿ ಎರಡು ನೂಲು, ಕೈ ತಾನಾಗಿಯೇ ಚೀಲಕ್ಕೆ ಹೋಗಿ ಕೆಂಪು ಬಾಣದ ಸ್ಟಿಕರ್ ತೆಗೆಯಿತು, ಕಾರ್ಖಾನೆಯಲ್ಲಿ ತಪ್ಪಿದ್ದ ಕಡೆ ಅಂಟಿಸುವ ಬಾಣ, ತುಟಿಯ ಮೂಲೆಗೆ ನೆಟ್ಟಗೆ ಗುರಿಯಿಟ್ಟು ಅಂಟಿಸಿದೆ, ಇಬ್ಬರೂ ನಕ್ಕೆವು, ರಬ್ಬರ್ ತೆಗೆದು ಉಜ್ಜಿದೆ, ಎರಡು ನೂಲು ಮೇಲೆ ಬರೆದೆ, ಸಮವಾಯಿತು. ಕೆಳಗೆ ತಾರೀಕು ಹಾಕಿದೆ, ಚೆಕ್ ಮಾಡಿದ್ದಕ್ಕೆ ತಾರೀಕು ಹಾಕಲೇಬೇಕು. ಮುಂದಿನ ಭಾನುವಾರ ಮತ್ತೆ ಹಾಗೇ, ಅದೇ ಮೂಲೆ, ಅದೇ ಎರಡು ನೂಲು. ಶನಿವಾರ ಬೋರ್ಡ್ ಮೇಷ್ಟ್ರಿಗೆ ತೋರಿಸಿದರೆ, ತೊಡೆ ಮೇಲೆ ಇಟ್ಕೊಂಡು ಬರೀತೀರಲ್ಲ, ಪುಸ್ತಕ ವಾಲತ್ತೆ, ಮುಖ ಜಾರತ್ತೆ, ಹೊಸಬರೆಲ್ಲ ಮಾಡೋ ತಪ್ಪೇ ಬಿಡಿ, ಅಂದರು, ಸಮಾಧಾನವಾಯಿತು. ಹಲಗೆ ಹುಡುಕಿ, ಮಣೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿ ಬರೆದೆ ಮೂರನೇ ಭಾನುವಾರ, ಹಲಗೆ ವಾಲಲಿಲ್ಲ, ಬಾಯಿ ವಾಲಿತು. ಬಾಣ, ರಬ್ಬರ್, ತಾರೀಕು. ನಾಲ್ಕನೇ ಭಾನುವಾರ ನನಗೆ ನನ್ನ ಕೈಯ ಮೇಲೇ ಸಿಟ್ಟು ಬಂತು, ಬಲಗೈಯನ್ನು ಎಡಗೈಯಿಂದ ಫಟ್ಟನೆ ಹೊಡೆದೆ, ಎಷ್ಟು ಸಲ ಹೇಳೋದು ನಿಂಗೆ, ಅಂತ, ಅಕ್ಕ, ಪಾಪ ಬಿಡೇ, ಅಂದಳು, ಮೊರದಿಂದ ಅಕ್ಕಿ ಚೆಲ್ಲಿತು, ಎಡಗೈ ಜೋಮು ಹಿಡಿದಿದೆ ಕಣೇ, ಅಂದಳು. ಬಾಣ, ರಬ್ಬರ್, ತಾರೀಕು. ಜೋಮು ಅಂದಳು. ನಾನು ಕೇಳಿಸಿಕೊಂಡೆ. ವಾರದ ಮಧ್ಯೆ ಸೂಜಿಗೆ ದಾರ ಪೋಣಿಸಲಾಗದೆ ನನ್ನ ಕೈಗೆ ಕೊಟ್ಟಳು, ಕಣ್ಣು ಮಂಜು ಅಂದುಕೊಂಡೆ, ಟೀ ಕುಡಿದರೆ ಎಡಗಡೆ ಸೆರಗು ಒದ್ದೆ, ಲೋಟದ ಕಂಠ ಸರಿಯಿಲ್ಲ ಅಂದುಕೊಂಡೆ, ಕತ್ತರಿ ಬಿತ್ತು, ವಯಸ್ಸು ಅಂದುಕೊಂಡೆ, ಒಂದೊಂದಕ್ಕೂ ಒಂದೊಂದು ನೆಪ ನಾನೇ ಹುಡುಕಿ ನಾನೇ ಒಪ್ಪಿಕೊಂಡೆ. ಆರುನೂರು ಶರ್ಟಿನಲ್ಲಿ ಒಂದು ಹೊಲಿಗೆ ಬಿಟ್ಟಿದ್ದರೂ ಕಂಡುಹಿಡಿಯುವವಳು ನಾನು.

ಫೋನು ಅಲುಗುತ್ತಿದೆ, ಸೂಪರ್‌ವೈಸರ್, ಎಲ್ಲಿದ್ದೀರ್ರೀ, ನಿಮ್ಮ ಟೇಬಲ್ ಮುಂದೆ ಪೀಸು ಗುಡ್ಡೆ ಬಿದ್ದಿದೆ, ಆಸ್ಪತ್ರೇಲಿದ್ದೀನಿ ಸರ್, ಅಕ್ಕಂಗೆ ಹುಷಾರಿಲ್ಲ, ಅಯ್ಯೋ ಹೌದಾ, ಮಧ್ಯಾಹ್ನಕ್ಕಾದ್ರೂ ಬರ್ತೀರಾ, ಇಡ್ತೀನಿ ಸರ್, ಇಟ್ಟೆ. ಒಂಬತ್ತು ಐವತ್ತೈದು. ಏನು ಹೇಳಲಿ. ನಾನು ಕಲಿಯುತ್ತಿರುವವಳು, ಐದು ತಿಂಗಳಿನ ಕಲಿಕೆ, ನನ್ನ ಚಿತ್ರದಲ್ಲಿ ಕಿವಿ ಒಂದು ಕಡೆ, ಕಣ್ಣು ಒಂದು ಕಡೆ, ಬಸ್ಸು ಬರೆದರೆ ಡಬ್ಬಿ, ಕೈ ಬರೆದರೆ ಮೂಲಂಗಿ, ಅಂಥವಳ ಗೀಟು ನಂಬಿಕೊಂಡು ಡಾಕ್ಟರು ಔಷಧಿ ಕೊಡುವುದು ಬಿಡುವುದು ಮಾಡುತ್ತಾರೆಯೇ, ನಗುತ್ತಾರೆ. ನನಗೆ ಚಿತ್ರ ಬರುವುದಿಲ್ಲ. ಬರುವುದಿಲ್ಲ ಅಂತಾಗಲಿ ದೇವರೇ, ಕೈ ಸೊಟ್ಟ ಅಂತಾಗಲಿ, ಮೇಷ್ಟ್ರು ಹೇಳಿದ್ದೇ ನಿಜವಾಗಲಿ, ಹಾಗಿದ್ದರೆ ಎಲ್ಲಾ ಇವತ್ತು ಏಳು ಗಂಟೆಗೆ ಶುರುವಾಯಿತು, ಇಂಜೆಕ್ಷನ್ ಇದೆ, ಅಕ್ಕ ಎದ್ದು ನಡೆಯುತ್ತಾಳೆ. ಆದರೆ ಕಿವಿ ಒಂದೊಂದು ವಾರ ಒಂದೊಂದು ಕಡೆ ಹೋಗಿದೆ, ಕಣ್ಣು ಒಂದು ಸಲ ದೊಡ್ಡದು ಒಂದು ಸಲ ಚಿಕ್ಕದು, ಬಾಯಿ ಮಾತ್ರ ನಾಲ್ಕು ವಾರವೂ ಅದೇ ಕಡೆ, ಅಷ್ಟೇ, ಅಳೆದ ಹಾಗೆ. ಇದು ನನ್ನ ಕೆಲಸದಲ್ಲಿ ಕೂಸಿಗೂ ಗೊತ್ತು, ಹೊಸಬಳ ಕೈ ತಪ್ಪಿದರೆ ಒಂದೊಂದು ಶರ್ಟಿನಲ್ಲಿ ಒಂದೊಂದು ಕಡೆ ತಪ್ಪುತ್ತದೆ, ನೂರು ಶರ್ಟಿನಲ್ಲೂ ಒಂದೇ ಕಡೆ ತಪ್ಪಿದ್ದರೆ ಕೈಯನ್ನು ಬೈಯಬಾರದು, ಬಟ್ಟೆ ಕತ್ತರಿಸಿದ ಅಚ್ಚು ನೋಡಬೇಕು, ಅಳತೆ ತೆಗೆದ ಮೂಲವನ್ನೇ ಹೋಗಿ ನೋಡಬೇಕು. ಮೂಲ ಎದುರಿಗೇ ಕೂತಿತ್ತು, ಅಕ್ಕಿ ಆರಿಸುತ್ತಿತ್ತು. ನನ್ನ ಕೈ ನಾಲ್ಕು ಸಲ ಸರಿಯಾಗಿ ಹೇಳಿತು, ನಾನು ನಾಲ್ಕು ಸಲ ಬಾಣ ಅಂಟಿಸಿ ಅದರ ಬಾಯಿ ಮುಚ್ಚಿಸಿದೆ. ಹೇಳಿದರೆ ಇಂಜೆಕ್ಷನ್ ಇಲ್ಲ, ಹೇಳದಿದ್ದರೆ ಅದೇ ಇಂಜೆಕ್ಷನ್ ಅವಳನ್ನು — ಸುಮ್ಮನಿರು. ಮತ್ತೆ ಆ ಐದನೆಯದು. ಹೋದ ಭಾನುವಾರದ್ದು. ಬಟ್ಟೆ ಒಗೆಯುವುದಿತ್ತು, ನೀರು ನಿಲ್ಲುವುದರೊಳಗೆ ಮುಗಿಸಬೇಕಿತ್ತು, ಅವಸರದಲ್ಲಿ ಕೂತೆ, ಈ ಸಲ ತಪ್ಪಲೇಬಾರದು ಅಂತ ಹಠ ಹಿಡಿದು ಅಳತೆಪಟ್ಟಿ ಇಟ್ಟುಕೊಂಡೇ ಬಾಯಿ ಬರೆದೆ, ಬಲಗಡೆಯದನ್ನು ಅಳೆದು ಎಡಗಡೆಗೆ ಇಳಿಸಿದೆ, ಅಕ್ಕ ಎದುರಿಗೆ ಅರ್ಧ ಗಂಟೆ ಅಲುಗಾಡದೆ ಕೂತಿದ್ದಳು, ನಾನು ಒಂದು ಸಲವೂ ತಲೆಯೆತ್ತಿ ಅವಳ ಬಾಯಿ ನೋಡಲಿಲ್ಲ. ಈಗ ನೋಡು, ಈಗ ನಾನೇ, ಅಂದಳು ಅಕ್ಕ, ಇದನ್ನ ಕಟ್ಟು ಹಾಕ್ಸೋಣ ಕಣೇ. ಹೆಮ್ಮೆಯಿಂದ ಹೇಳಿದಳು, ಗೋಡೆಯಲ್ಲಿ ಜಾಗ ಕೂಡ ನೋಡಿದಳು, ಬಲಗೈಯಲ್ಲಿ ತೋರಿಸಿದಳು, ಎಡಗೈ ಮಡಿಲಲ್ಲಿತ್ತು.

ಪರದೆ ಸರಿಯಿತು. ಡಾಕ್ಟರು ಬರುತ್ತಿದ್ದಾರೆ, ಕೈಯಲ್ಲಿ ಒಂದು ಹಾಳೆ, ಸಹಿಗೆ ಇರಬೇಕು, ಅಮ್ಮ, ರಕ್ತಸ್ರಾವ ಏನೂ ಕಾಣ್ತಿಲ್ಲ, ಒಳ್ಳೇದೇ, ಹೇಳಿ, ಇವತ್ತು ಬೆಳಿಗ್ಗೆಗಿಂತ ಮುಂಚೆ ಏನೂ ಇರಲಿಲ್ಲ ಅಲ್ವಾ, ಹೂಂ ಅನ್ನಬಹುದು, ಒಂದು ಹೂಂ, ಅಷ್ಟೇ, ಡಾಕ್ಟ್ರೇ, ಇದನ್ನ ಸ್ವಲ್ಪ ನೋಡಿ, ಅಂದವಳು ನಾನೇ, ಚೀಲದಿಂದ ಪುಸ್ತಕ ತೆಗೆದವಳೂ ನಾನೇ, ಟೇಪು ಸುರುಳಿ ಬಿಚ್ಚಿ ನೆಲಕ್ಕೆ ಬಿತ್ತು. ಎಲ್ಲರ ಹಾಗೆ ಅವರೂ ಕೊನೆಯ ಪುಟವನ್ನೇ ಮೊದಲು ತೆರೆದರು, ನೋಡಿದರು, ತಾರೀಕು ನೋಡಿದರು, ಮುಖ ಸಡಿಲವಾಯಿತು, ಓ, ನೀವೇ ಬರ್ದಿದ್ದಾ, ಚೆನ್ನಾಗಿದೆ, ಭಾನುವಾರ ಬಾಯಿ ನೇರವಾಗೇ ಇತ್ತು ಹಾಗಾದ್ರೆ, ಒಳ್ಳೇದಾಯ್ತು ತೋರಿಸಿದ್ದು. ಚೆನ್ನಾಗಿದೆ ಅಂದರು. ನನ್ನ ಚಿತ್ರವನ್ನು ಹೊರಗಿನವರು ಚೆನ್ನಾಗಿದೆ ಅಂದದ್ದು ಇದೇ ಮೊದಲು, ಅವರ ಪೆನ್ನು ಹಾಳೆಯ ಮೇಲೆ ಹೋಗುತ್ತಿದೆ, ಬಾಯಿ ಬಿಡು, ಬಿಡು. ಅಲ್ಲ ಡಾಕ್ಟ್ರೇ. ಅದು ಸುಳ್ಳು. ಅದನ್ನ ನಾನು ಅವಳನ್ನ ನೋಡ್ದೇ ಬರ್ದೆ. ಹಿಂದಿನ ಪುಟ ತಿರುಗಿಸಿ. ಪೆನ್ನು ನಿಂತಿತು. ತಿರುಗಿಸಿದರು, ಒಂದು, ಇನ್ನೊಂದು, ಇನ್ನೊಂದು, ಇನ್ನೊಂದು. ಏನಮ್ಮ ಇದು ಬಾಣ, ತಪ್ಪಿದ್ದ ಕಡೆ ಅಂಟಿಸ್ತೀವಿ, ಅಂದೆ, ಇಲ್ಲೇನೂ ತಪ್ಪು ಕಾಣ್ತಿಲ್ವಲ್ಲ, ಅಳಿಸಿದ್ದೀನಿ ಡಾಕ್ಟ್ರೇ, ನಾನೇ ಅಳಿಸಿದ್ದೀನಿ. ಅವರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ವಾಲಿಸಿ ಹಿಡಿದರು, ಹೆಬ್ಬೆರಳಿನಿಂದ ಕಾಗದ ಸವರಿದರು, ಸಹಿಯ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಒಳಗೆ ಓಡಿದರು, ಏನೋ ಕೂಗಿದರು, ಯಾರೋ ಇಂಜೆಕ್ಷನ್ ಟ್ರೇಯನ್ನು ವಾಪಸ್ಸು ಇಟ್ಟ ಸದ್ದಾಯಿತು. ಪುಸ್ತಕ ಬೆಂಚಿನ ಮೇಲೆ ತೆರೆದೇ ಇದೆ. ಅಕ್ಕ, ಇದನ್ನು ನಿನಗೆ ಹೇಗೆ ಹೇಳಲಿ, ಏನಂತ ಹೇಳಲಿ, ರಬ್ಬರಿಗೆ ಸೀಸ ಹೋಯಿತು, ಒತ್ತಿ ಬರೆದ ಗೀಟಿನ ತಗ್ಗು ಹೋಗಿಲ್ಲ, ಬೆಳಕು ಅಡ್ಡ ಬಿದ್ದರೆ ಕಾಣುತ್ತದೆ, ಕೆಂಪು ಬಾಣ, ಅದರ ತುದಿಯಲ್ಲಿ ನಿನ್ನ ತುಟಿಯ ಎಡ ಮೂಲೆ, ಎರಡು ನೂಲು ಕೆಳಗೆ, ಐದು ಭಾನುವಾರದ ಹಿಂದಿನ ತಾರೀಕು, ಬಾಣ, ತುಟಿಯ ಎಡ ಮೂಲೆ, ಎರಡು ನೂಲು ಕೆಳಗೆ